ಕಾಲು ತೊಳೆದು ಬೆಳೆಸಿದ ಹುಲ್ಲು

ನೀವೇ ಹೇಳಿ ಸ್ವಾಮಿ, ಬಸವೇಶ್ವರನಗರದಲ್ಲಿ ಸ್ವಂತ ಮನೆ ಇರುವ ಗಂಡಸಿಗೆ ಮನೆ ಮುಂದೆ ಒಂದಿಷ್ಟು ಹುಲ್ಲು ಬೆಳೆಸುವ ಹಕ್ಕಿಲ್ಲವೇ? ಇಲ್ಲವಂತೆ! ಆ ಜಾಗದ ಮೇಲೆ ನನ್ನ ಭಾಮೈದ ರವಿಕುಮಾರನ ಕಣ್ಣು ಬಿದ್ದಿತ್ತು. ಅವನ ಹೊಸ ಕಾರಿಗೆ ಅವನ ಬೀದಿಯಲ್ಲಿ ಜಾಗವಿಲ್ಲವಂತೆ. "ಅಕ್ಕನ ಮನೆ ಮುಂದೆ ನಿಲ್ಲಿಸ್ಕೋತೀನಿ" ಎಂದ. ಅಕ್ಕ, ಅಂದರೆ ನನ್ನ ಧರ್ಮಪತ್ನಿ ಮಾಲಾ, ಆಗಲೇ ಹೂಂಗುಟ್ಟಿಯಾಗಿತ್ತು.

ನಾನು ಬಿಡುತ್ತೇನೆಯೇ? ನರ್ಸರಿಯಿಂದ ಚಾಪೆಯ ಹಾಗೆ ಸುತ್ತಿದ ಹುಲ್ಲುಹಾಸು ತರಿಸಿ, ಗೇಟಿನಿಂದ ಮೆಟ್ಟಿಲತನಕ ಒಂದಂಗುಲ ಬಿಡದೆ ಹಾಸಿಸಿಬಿಟ್ಟೆ.

"ಯುಗಾದಿ ಹೊತ್ತಿಗೆ ಬೇರು ಹಿಡಿದ್ರೆ ಜಾಗ ನಿಮ್ದು" ಎಂದಳು ಮಾಲಾ. "ಇಲ್ದಿದ್ರೆ ಸಿಮೆಂಟು. ಆಮೇಲೆ ಕುಯ್ಯೋ ಮರ್ರೋ ಅನ್ನಂಗಿಲ್ಲ."

ಒಪ್ಪಿದೆ. ಮರುದಿನ ಪೇಪರ್ ಬಿಡಿಸಿದರೆ ತಲೆ ಮೇಲೆ ಸಿಡಿಲು: ನೀರಿಗೆ ಬರ, ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ ದಂಡ! ಎದುರುಮನೆ ಬೈರಯ್ಯನವರು ಆಗಲೇ ಮೊಬೈಲ್ ಹಿಡಿದು ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡಿದ್ದರು. (ಅವರ ಫೋಟೋಗ್ರಫಿ ಹವ್ಯಾಸ ಅಂದೇ ಶುರುವಾಗಿದ್ದು.) ಹೊಸದಾಗಿ ಹಾಸಿದ ಹುಲ್ಲು ಹಸುಗೂಸಿದ್ದ ಹಾಗೆ, ಹೊತ್ತುಹೊತ್ತಿಗೆ ಕುಡಿಸದಿದ್ದರೆ ಉಳಿಯುವುದಿಲ್ಲ. ನನಗೆ ಅನ್ನ ಸೇರಲಿಲ್ಲ.

ಅಷ್ಟರಲ್ಲಿ ಮಲ್ಲತ್ತಹಳ್ಳಿಯಿಂದ ನಮ್ಮತ್ತೆ ಬೋರಮ್ಮನವರು ಬಂದರು. ಗೇಟಿನಲ್ಲೇ ನಿಂತು, "ನಮ್ ಕಾಲದಲ್ಲಿ ನೆಂಟ್ರು ಬಂದ್ರೆ ಮೊದ್ಲು ಕಾಲಿಗೆ ನೀರು ಕೊಡೋರು. ಈಗ ಅದೆಲ್ಲ ಯಾರಿಗ್ ಬೇಕು" ಎಂದು ಗೊಣಗಿದರು.

ಆಹಾ! ನನ್ನ ಮೈಯೆಲ್ಲ ಪುಳಕ. ಹುಲ್ಲಿಗೆ ನೀರು ಹಾಕಿದರೆ ದಂಡ ಸರಿ, ಅತಿಥಿಯ ಕಾಲಿಗೆ ಹಾಕಿದರೆ ಯಾವ ಕಾನೂನು ತಡೆದೀತು? ಓಡಿಹೋಗಿ ಬಕೆಟ್ ತಂದೆ. ಹುಲ್ಲಿನ ನಡುವೆ ಒಂದು ಕಡೆ ಅದೇಕೋ ಎಲ್ಲಕ್ಕಿಂತ ಮೊದಲೇ ಒಣಗಿ ಕಂದಾಗಿತ್ತು. ಮಾಲಾಳ ಕಣ್ಣಿಗೆ ಬೀಳದಿರಲೆಂದು ಅದರ ಮೇಲೊಂದು ಮಣೆ ಹಾಕಿ, ಅತ್ತೆಯನ್ನು ನಿಲ್ಲಿಸಿ, ಬಕೆಟ್ ಪೂರ್ತಿ ಸುರಿದೆ. ಸುತ್ತಲಿನ ಹುಲ್ಲು ನೆನೆಯಿತು. ಮಣೆಯ ಕೆಳಗಿನ ಜಾಗವಂತೂ ಎಷ್ಟು ಸುರಿದರೂ ಗಟಗಟ ಕುಡಿಯಿತು. ಪಾಪ, ಎಷ್ಟು ಬಾಯಾರಿತ್ತೋ ಅಂದುಕೊಂಡೆ.

"ಅಂತೂ ಅಳಿಯಂದ್ರಿಗೆ ಬುದ್ಧಿ ಬಂತು" ಎಂದು ಅತ್ತೆ ಕಣ್ಣೊರೆಸಿಕೊಂಡರು.

ಸುದ್ದಿ ಹಬ್ಬಿತು. ಮಾರೇನಹಳ್ಳಿ, ಬಿನ್ನಿಪೇಟೆ, ಕೆಂಗೇರಿ, ಎಲ್ಲೆಲ್ಲಿಂದಲೋ ನೆಂಟರು ನಮ್ಮನೆಗೆ ಪಾದ ಬೆಳೆಸಿದರು. ರವಿಕುಮಾರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಎಲ್ಲರ ಪಾದಪ್ರಕ್ಷಾಳನವನ್ನೂ ನಾನೇ ಖುದ್ದಾಗಿ ನೆರವೇರಿಸಿದೆ. ಕೊನೆಗೆ ಬೈರಯ್ಯನವರೂ ಮೊಬೈಲ್ ಜೇಬಿಗಿಟ್ಟು ಬಂದು, ಹೆಬ್ಬೆರಳಿಗೆ ಬ್ಯಾಂಡೇಜ್ ಸುತ್ತಿದ್ದ ಕಾಲೊಡ್ಡಿದರು. ಬಂದವರಿಗೆಲ್ಲ ಕಾಫಿ ಮಾಡುತ್ತಿದ್ದ ಮಾಲಾಳಿಗೆ ಅಡುಗೆಮನೆಯಿಂದ ಈಚೆ ಬರಲು ಪುರುಸೊತ್ತಿರಲಿಲ್ಲ. ಹುಲ್ಲು ಮಾತ್ರ ಚಿಗುರಿತು!

"ನಲ್ಲಿ ನೀರು ಯಾಕೋ ಕೆಂಪಗೆ ಬರ್ತಿದೆ ಕಣ್ರೀ" ಎಂದಳು ಒಂದು ದಿನ.

"ಬೇಸಿಗೆ ಕಣೇ, ಹಂಗೇ ಇರತ್ತೆ. ಹೆಂಗೂ ಕುದಿಸ್ತೀಯಲ್ಲ."

"ಅಕ್ಕ, ಈಚೆಗೆ ನಿಮ್ಮನೆ ಕಾಫಿಗೆ ಅದೇನೋ ಒಂಥರಾ ರುಚಿ ಬಂದಿದೆ" ಎಂದು ರವಿಕುಮಾರ ಇನ್ನೊಂದು ಲೋಟ ಕೇಳಿ ಹಾಕಿಸಿಕೊಂಡ.

ಯುಗಾದಿ ಬಂತು. ಮನೆ ತುಂಬ ಜನ. ರವಿಕುಮಾರ ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡು, ಟವೆಲ್ ಸುತ್ತಿಕೊಂಡು, ಪಂದ್ಯದ ತೀರ್ಪು ನೋಡಲು ಹೊರಗೆ ಬಂದ. ಬಗ್ಗಿ ಹುಲ್ಲು ಹಿಡಿದು ಎಳೆದ. ಬರಲಿಲ್ಲ. ಇನ್ನೊಂದು ಕಡೆ ಎಳೆದ. ಊಹೂಂ!

"ಬೇರು ಹಿಡಿದಿದೆ ಕಣಯ್ಯಾ! ಜಾಗ ನಂದು!" ಎಂದು ನಾನು ಕುಣಿದೆ.

ಒಳಗಿನಿಂದ ಮಾಲಾ ಕಿರುಚಿದಳು: "ರೀ, ನಲ್ಲೀಲಿ ನೀರೇ ಬರ್ತಿಲ್ಲ!"

ಅಷ್ಟು ಕಾಲು, ಅಷ್ಟು ಕಾಫಿ, ಖಾಲಿಯಾಗದೆ ಇನ್ನೇನು? ಟ್ಯಾಂಕರ್ ಕರೆಸಿದೆವು. ಟ್ಯಾಂಕರಿನವನು ಪೈಪ್ ಎಳೆದುಕೊಂಡು ಗೇಟಿನೊಳಗೆ ಬಂದ.

"ಸಂಪು ಎಲ್ಲಿ ಸಾರ್?"

ಇಷ್ಟು ವರ್ಷ ತನ್ನಷ್ಟಕ್ಕೆ ತಾನೇ ತುಂಬಿಕೊಂಡು ನಲ್ಲಿಗಳಿಗೆ ನೀರು ಕೊಡುತ್ತಿದ್ದ ಆ ನೆಲದೊಳಗಿನ ತೊಟ್ಟಿಯನ್ನು ನಾನು ಮರೆತೇಬಿಟ್ಟಿದ್ದೆ. ಮಾಲಾ ಮರೆತಿರಲಿಲ್ಲ. "ಅಲ್ಲೇ..." ಎಂದು ಕೈ ಚಾಚಿದಳು. ಅವಳ ಬೆರಳು ನೇರವಾಗಿ ಮಣೆಯ ಕಡೆ ಹೋಗಿ ನಿಂತಿತು. ಅಯ್ಯಯ್ಯಪ್ಪಾ!

ಟ್ಯಾಂಕರಿನವನು ಮಣೆ ಸರಿಸಿದ. ಅಲ್ಲಿನ ಹುಲ್ಲು ಕಾವಲಿಯಿಂದ ದೋಸೆ ಎದ್ದಂತೆ ಎದ್ದು ಬಂತು. ಕೆಳಗೆ ತುಕ್ಕು ತಿಂದು ದೊಡ್ಡ ತೂತು ಬಿದ್ದ ಕಬ್ಬಿಣದ ಮುಚ್ಚಳ. ಎತ್ತಿದ. ತಳದಲ್ಲಿ ಒಂದಿಷ್ಟು ಕೆಂಪು ರಾಡಿ, ಅದರ ಮೇಲೆ ಬೈರಯ್ಯನವರ ಹೆಬ್ಬೆರಳಿನ ಬ್ಯಾಂಡೇಜ್ ತೇಲುತ್ತಿತ್ತು.

ರವಿಕುಮಾರ ಎಣ್ಣೆ ತೊಟ್ಟಿಕ್ಕಿಸುತ್ತಾ ಬಗ್ಗಿ ನೋಡಿದ.

"ಭಾವ, ಅಂದ್ರೆ... ಇಷ್ಟ್ ದಿನ ನಾನು ಕುಡಿದ ಕಾಫಿ..."

"ಕುದ್ದಿತ್ತು ಕಣಯ್ಯಾ" ಎಂದೆ.

ಅತ್ತೆ ಮೆಟ್ಟಿಲ ಮೇಲೆ ಕುಸಿದರು. ಬೇವುಬೆಲ್ಲಕ್ಕೆಂದು ಬಂದಿದ್ದ ಬೈರಯ್ಯನವರು ಬಾಯಿಗೆ ಕೈ ಅಡ್ಡ ಹಿಡಿದು ತಮ್ಮ ಮನೆಗೆ ಓಡಿದರು.

"ಆದ್ರೂ ಬೇರು ಹಿಡಿದಿದೆಯಲ್ಲ..." ಎಂದು ಮೆಲ್ಲಗೆ ಶುರುಮಾಡಿದೆ. ಮಾಲಾ ನನ್ನನ್ನು ಒಮ್ಮೆ ನೋಡಿದಳು. ತಮ್ಮನ ಕಡೆ ತಿರುಗಿ, "ನಾಳೆನೇ ಸಿಮೆಂಟ್ ತರ್ಸೋ" ಎಂದಳು. ನನ್ನ ಕೈಗೆ ಏಣಿ, ಬ್ರಷ್, ಬಕೆಟ್ ಕೊಟ್ಟಳು.

ಹಬ್ಬದ ಹೊಸ ಪಂಚೆ ಎತ್ತಿಕಟ್ಟಿ ಸಂಪಿನೊಳಗೆ ಒಂದು ಕಾಲು ಇಳಿಬಿಟ್ಟೆನೋ ಇಲ್ಲವೋ, ಮೇಲಿನಿಂದ ಗುಡುಗಿದಳು:

"ನಿಂತ್ಕೊಳ್ರೀ! ಕಾಲು ತೊಳ್ಕೊಂಡು ಇಳೀರಿ!"