ಸೋಲೋ ಅಂದರೆ ಒಬ್ಬರೇ ಸೋಲೋದು

ತಂತಿ ಎಂದರೆ ತಂತಿ! ಕಂಬಕ್ಕೆ ಕಟ್ಟಿದ್ದರೇನು, ಗಿಟಾರಿಗೆ ಬಿಗಿದಿದ್ದರೇನು? ತಲೆಗೂದಲು ಉದುರುವವರೆಗೂ ತಂತಿ ಕಚೇರಿಯಲ್ಲಿ ಟೆಲಿಗ್ರಾಂ ಬಡಿದ ನನಗೆ ಗಿಟಾರಿನ ಆರು ತಂತಿ ಯಾವ ಲೆಕ್ಕ! ಹೀಗೆಂದು ಊಟದ ಮೇಜು ಗುದ್ದಿ ನಾನು ಸಾರಿದ ರಭಸಕ್ಕೆ ಉಪ್ಪಿನ ಡಬ್ಬಿ ಉರುಳಿತು. ಅದಕ್ಕಾದರೂ ಭವಿಷ್ಯ ಗೊತ್ತಿತ್ತು.

ಆದದ್ದಿಷ್ಟು. ನಮ್ಮ ಚರ್ಚಿನ ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು ಮೆಟ್ಟಿಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ. ಬ್ಯಾಂಡಿನ ಮುಖ್ಯಸ್ಥನಾದ ನನ್ನ ಅಳಿಯ ತಲೆಯ ಮೇಲೆ ಕೈಹೊತ್ತು ಕೂತ. ಮುಂದಿನ ತಿಂಗಳು ನನ್ನ ಹೆಂಡತಿ ಕ್ವಾಯರಿನಿಂದ ನಿವೃತ್ತಳಾಗುವವಳು. ಮದುವೆಯಾದಾಗಿನಿಂದ ಮೊದಲ ಸಾಲಿನಲ್ಲಿ ನಿಂತು ಹಾಡಿದವಳಿಗೆ ಈಗ ಉಸಿರು ಸಾಲುತ್ತಿಲ್ಲ. ಕಡೆಯ ದಿನ ತನ್ನ ಮೆಚ್ಚಿನ ಹಾಡಿನ ಒಂದು ಚರಣವನ್ನು ಒಬ್ಬಳೇ ಹಾಡಬೇಕು. ಅದರ ಬೆನ್ನಿಗೇ ಗಿಟಾರಿನ ಸೋಲೋ, ಅಂದರೆ ಒಂಟಿ ವಾದನ.

"ಆ ಸೋಲೋ ನನ್ನದು!" ಎಂದೆ.

"ಸೋಲೋ ಅಂದ್ರೆ ಒಬ್ರೇ ನಿಂತು ಸೋಲೋದು, ಗೊತ್ತು ತಾನೆ?" ಎಂದಳು ಹೆಂಡತಿ, ಚೆಲ್ಲಿದ ಉಪ್ಪು ಬಳಿಯುತ್ತಾ. ಆಮೇಲೆ ದನಿ ತಗ್ಗಿಸಿ, "ನನ್ನ ಕಡೇ ಹಾಡು ರೀ. ಅದನ್ನೊಂದು ಕೆಡಿಸಬೇಡಿ."

ಆ ಮಾತು ಎದೆಗೆ ನಾಟಿತು. ಮರುದಿನವೇ ಅಭ್ಯಾಸ ಶುರು. ಆಂಪ್ಲಿಫೈಯರಿನ ಸ್ವಿಚ್ ಒತ್ತಿದ್ದೇ ತಡ, ಎದ್ದ 'ಕೀಂಯ್' ಎಂಬ ನಾದಕ್ಕೆ ನಮ್ಮ ಬೆಕ್ಕು ಕಿಟಕಿಯಿಂದ ಹಾರಿತು. ನೆಲ ಮುಟ್ಟಿದ್ದು ಆಚೆ ಬೀದಿಯ ಮಗಳ ಮನೆಯಲ್ಲಿ! ಪಕ್ಕದ ಮನೆಯ ಹಲ್ಲಿನ ಡಾಕ್ಟರು ಬೇಲಿಯ ಮೇಲಿಂದ ತಲೆ ಹಾಕಿದರು. "ಸಾರ್, ಹೊಸ ಡ್ರಿಲ್ ಎಲ್ಲಿ ತಗೊಂಡ್ರಿ? ಸದ್ದು ಕೇಳಿ ನನ್ನ ಪೇಷಂಟು ಬಾಯಿ ತೆರೆದುಕೊಂಡೇ ಓಡಿಹೋದ್ರು!"

ಅಳಿಯ ಕಾಲಡಿಗೆ ಒಂದು ಪೆಡಲ್ ಇಟ್ಟ. ಒತ್ತಿದರೆ ಗಿಟಾರು ಗಂಟಲು ಕೆಟ್ಟ ಹುಲಿಯಂತೆ ಗರ್ಜಿಸಿತು.

"ನನ್ನ ಹೊಲಿಗೆ ಮೆಷೀನಿಗೂ ಪೆಡಲ್ ಇದೆ," ಒಳಗಿನಿಂದ ಹೆಂಡತಿಯ ದನಿ ಬಂತು. "ತುಳಿದ್ರೆ ಒಂದು ದಿಂಬಿನ ಚೀಲ ಆದ್ರೂ ಆಗುತ್ತೆ!"

ಇದೆಲ್ಲ ಸಹಿಸಬಹುದಿತ್ತು. ಆದರೆ ಎಡಗೈ ಸ್ವರ ಹುಡುಕುತ್ತಿದ್ದರೆ ಬಲಗೈ ತನ್ನ ಪಾಡಿಗೆ ಅಕ್ಷರಗಳನ್ನು ಸದ್ದಿನಲ್ಲಿ ಬಡಿಯುವ ಹಳೇ ತಂತಿ ಕಸುಬಿಗೆ ಇಳಿಯುತ್ತಿತ್ತು. ಕಟ್, ಕಟ್, ಕಡಾ!

"ಮಾವ, ಮೀಟಿ ಅಂದ್ರೆ ಬಡೀತೀರಲ್ಲ!" ಎಂದು ಅಳಿಯ ಗೋಗರೆದ.

ಆ ಕೈಯನ್ನು ಬೈಯುವುದು ಹೇಗೆ? ನನಗೆ ಹೆಂಡತಿಯನ್ನು ತಂದುಕೊಟ್ಟದ್ದೇ ಅದು. ಆಗ ನಾನು ಈ ಊರಿನ ತಂತಿ ಕಚೇರಿ, ಅವಳು ಬೆಟ್ಟದಾಚೆಯ ಊರಿನ ತಂತಿ ಕಚೇರಿ. ಪರಸ್ಪರ ಮುಖ ಕಂಡವರಲ್ಲ. ಆದರೆ ತಂತಿಯವರಿಗೆ ಸದ್ದಿನಲ್ಲೇ ಕೈಯ ಗುರುತು ಸಿಗುತ್ತದೆ. ಅವಳ ಕಟ್-ಕಡಾ ಮಣಿ ಪೋಣಿಸಿದ ಹಾಗೆ! ಯಾರದೋ ಅಜ್ಜಿ ತೀರಿಕೊಂಡ ಸುದ್ದಿಯೂ ಅವಳ ಕೈಯಿಂದ ಬಂದರೆ ನನಗೆ ಜೋಗುಳ. ಇನ್ನೊಮ್ಮೆ ಕೇಳುವ ಆಸೆಗೆ, ಸ್ಪಷ್ಟವಾಗಿ ಕೇಳಿದ್ದರೂ 'ಕೇಳಿಸಲಿಲ್ಲ, ಮತ್ತೆ ಕಳಿಸಿ' ಎಂದು ಬಡಿಯುತ್ತಿದ್ದೆ. ಪಾಪ, ಆ ಅಜ್ಜಿ ನನ್ನ ದೆಸೆಯಿಂದ ಎಷ್ಟು ಸಲ ಸತ್ತಳೋ!

ಅವಳ ಕಡೆಯ ಹಾಡಿನ ಭಾನುವಾರ ಬಂದೇ ಬಂತು. ಚರ್ಚು ತುಂಬಿತ್ತು. ಅವಳು ಹಾಡತೊಡಗಿದಳು, ದನಿ ತುಸು ನಡುಗಿದರೂ ಅದೇ ಮಣಿಯ ಸರ. ಆದರೆ ಕಡೆಯ ಸಾಲಿನ ನಡುವೆ ಉಸಿರು ತುಂಡಾಯಿತು. ಹಾಡು ಅಲ್ಲೇ ನಿಂತಿತು. ಅವಳು ತಲೆ ತಗ್ಗಿಸಿದಳು. ಗಾಬರಿಯಾದ ಅಳಿಯ ನನ್ನತ್ತ ಕಣ್ಸನ್ನೆ ಮಾಡಿದ: "ಹೊಡೀರಿ ಮಾವ!"

ಕಲಿತ ಸೋಲೋ? ಬೆಕ್ಕಿನ ಹಿಂದೆಯೇ ಹಾರಿಹೋಗಿತ್ತು! ತಲೆ ಖಾಲಿ. ಎಡಗೈ ಒಂದೇ ಸ್ವರಕ್ಕೆ ಅಂಟಿಕೊಂಡಿತು. ಬಲಗೈ ಮಾತ್ರ ನನ್ನನ್ನು ಕೇಳದೆಯೇ ಶುರುಮಾಡಿತು. ಕಟ್, ಕಡಾ, ಕಟ್, ಕಟ್... ಡ್ರಮ್ಮಿನವನು ಇದೇನೋ ಹೊಸ ಶೈಲಿಯೆಂದು ತಾಳ ಹಿಡಿದ. ಹೆಂಡತಿ ಥಟ್ಟನೆ ತಲೆಯೆತ್ತಿದಳು. ನನ್ನನ್ನೇ ನೋಡಿದಳು. ಹಾಡಿನ ಪುಸ್ತಕದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಎದೆತುಂಬ ಉಸಿರೆಳೆದು ಅದೇ ಚರಣವನ್ನು ಮೊದಲಿನಿಂದ ಹಾಡಿದಳು, ಕಡೆಯ ಅಕ್ಷರದವರೆಗೂ! ಸಭೆ ಎದ್ದು ನಿಂತಿತು.

"ಎಷ್ಟು ಚೆನ್ನಾಗಿ ಹೊಂದಿಸಿದ್ರಿ!" ಎಂದು ಪಾದ್ರಿಗಳು ಕೈಕುಲುಕಿದರು. "ಒಂದೇ ಸ್ವರದಲ್ಲಿ ಎಲ್ಲಾ ಹೇಳಿಬಿಟ್ರಲ್ಲ!" ನಾನು ಮಹಾವಿದ್ವಾಂಸನ ಹಾಗೆ ತಲೆದೂಗಿದೆ.

ಮನೆಗೆ ಬಂದವನು ಅದೇ ಠೀವಿಯಲ್ಲಿ, "ನನ್ನ ಸೋಲೋ ನಡುವೆ ನೀನ್ಯಾಕೆ ಹಾಡಿದೆ?" ಎಂದು ಗದರಿದೆ.

"ನೀವೇ ತಾನೆ ಕಳಿಸಿದ್ದು, 'ಕೇಳಿಸಲಿಲ್ಲ, ಮತ್ತೆ ಕಳಿಸಿ' ಅಂತ?"

ನನ್ನ ಬಾಯಿ ಡಾಕ್ಟರ ಪೇಷಂಟಿನಷ್ಟೇ ತೆರೆದುಕೊಂಡಿತು. "ಅದನ್ನಾ... ನಾನಾ?"

"ಇನ್ಯಾರು? ಅವತ್ತೂ ಒಂದಕ್ಷರ ನುಂಗ್ತಿದ್ರಿ, ಇವತ್ತೂ ನುಂಗಿದ್ರಿ! ತಂತಿ ಸರಿಯಾಗಿದೆ, ಕಿವಿನೂ ಸರಿಯಾಗಿದೆ, ಈ ಮನುಷ್ಯನ ತಲೆ ಮಾತ್ರ ಸರಿಯಿಲ್ಲ ಅಂತ ನಂಗೆ ಅವಾಗ್ಲೇ ಗೊತ್ತಿತ್ತು."

"ಗೊತ್ತಿತ್ತಾ! ಗೊತ್ತಿದ್ದೂ ಯಾಕೆ ಕೇಳಿದಷ್ಟು ಸಲ ಕಳಿಸ್ತಿದ್ದೆ?"

ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದಳು. ಒರೆಸಿದಳು, ಒರೆಸಿದಳು, ಗಾಜು ಸವೆಯುವಷ್ಟು ಒರೆಸಿದಳು. ಆಮೇಲೆ ಗೋಡೆಯ ಕಡೆ ನೋಡುತ್ತಾ ಹೇಳಿದಳು:

"ಕೇಳಿಸ್ಲಿಲ್ಲ. ಮತ್ತೆ ಕಳಿಸಿ."