ಕುಂಕುಮ ಹಚ್ಚಿಸಿಕೊಂಡ ಆಮೆ

ಕೊಂಡ ಸಾಮಾನನ್ನು ವಾಪಸು ಕೊಟ್ಟು ಬರುವುದು ಒಂದು ವಿದ್ಯೆ. ಅದು ನನಗೆ ಒಲಿಯಲಿಲ್ಲ. ಜಮಖಂಡಿಯ ಪೇಟೆಯಲ್ಲಿ ಸೀರೆ, ಧೋತರಗಳ ಅಂಗಡಿ ಇಟ್ಟುಕೊಂಡವನು ನಾನು; ಹೀಗಾಗಿ ವಾಪಸು ತೆಗೆದುಕೊಳ್ಳದೇ ಇರುವ ವಿದ್ಯೆ ಮಾತ್ರ ಚೆನ್ನಾಗಿ ಬರುತ್ತದೆ. ಸೀರೆ ಒಂದೇ ಒಗೆತಕ್ಕೆ ಬಣ್ಣ ಬಿಟ್ಟಿತೆಂದು ಯಾರಾದರೂ ಗಂಟು ಕಟ್ಟಿಕೊಂಡು ಬಂದರೆ, ಮೊದಲು ಅವರನ್ನು ಗಾದಿಯ ಮೇಲೆ ಕೂಡ್ರಿಸಿ ನೀರು ಕೊಡಬೇಕು. ಆಮೇಲೆ ಮನೆಮಂದಿಯ ಸುದ್ದಿ ಕೇಳಬೇಕು. ಮಳೆಬೆಳೆಯ ಮಾತು ಬರುವಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತದೆ. ಆಗ ಮೆಲ್ಲಗೆ, ಬಣ್ಣದ್ದೇನೂ ತಪ್ಪಿಲ್ಲ, ನಿಮ್ಮೂರ ನೀರೇ ಗಡಸು ಎಂದು ಹೇಳಬೇಕು. ತಮ್ಮೂರ ನೀರು ಗಡಸೆಂಬುದನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇರುವುದಿಲ್ಲ. ಇದನ್ನು ನನಗೆ ಕಲಿಸಿದವನು ನಮ್ಮಪ್ಪ, ಅವನಿಗೆ ಕಲಿಸಿದವನು ನಮ್ಮಜ್ಜ. ಆದರೆ ಗಂಟು ಕಟ್ಟಿಕೊಂಡು ಹೋಗುವ ಸರದಿ ನಮ್ಮದೇ ಆದಾಗ ಏನು ಮಾಡಬೇಕೆಂದು ಇಬ್ಬರೂ ಹೇಳಿಕೊಟ್ಟಿರಲಿಲ್ಲ. ನನ್ನ ಗಂಟಿನಲ್ಲಿ ಇದ್ದದ್ದು ಸೀರೆಯೂ ಅಲ್ಲ. ಆಮೆ.

ನಮ್ಮ ಕಡೆ ಮನೆಯ ಬಾವಿಯಲ್ಲಿ ಒಂದು ಆಮೆ ಇರಬೇಕು. ಹುಳಹುಪ್ಪಡಿ ತಿಂದು ನೀರನ್ನು ತಿಳಿಯಾಗಿ ಇಡುತ್ತದೆ ಎಂಬುದು ಗಂಡಸರು ಹೇಳುವ ಕಾರಣ. ಹೆಂಗಸರು ಕಾರಣ ಹೇಳಲು ಹೋಗುವುದಿಲ್ಲ. ಜೀವ ಇಲ್ಲದ ಬಾವಿಯ ನೀರು ದೇವರಿಗೆ ನಡೆಯುವುದಿಲ್ಲ, ಮಾತು ಮುಗಿಯಿತು. ನಮ್ಮ ಹಿತ್ತಲ ಬಾವಿಯಲ್ಲಿ ಅಜ್ಜನ ಕಾಲದ್ದೊಂದು ಆಮೆ ಇತ್ತು. ಮಧ್ಯಾಹ್ನದ ಬಿಸಿಲು ನೆಟ್ಟಗೆ ಒಳಗೆ ಬಿದ್ದಾಗ ಮೇಲೆ ಬಂದು, ಮನೆಯ ಹಿರಿಯರಂತೆ ಒಮ್ಮೆ ಎಲ್ಲರನ್ನೂ ನೋಡಿ ಕೆಳಗೆ ಹೋಗುತ್ತಿತ್ತು. ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ ನನಗೆ ಬಾವಿಯ ಹೂಳು ತೆಗೆಸುವ ಬುದ್ಧಿ ಬಂತು. ಆಳುಗಳು ಆಮೆಯನ್ನು ಮೇಲೆ ತಂದು ಹಿತ್ತಲಲ್ಲಿ ಬುಟ್ಟಿ ಮುಚ್ಚಿ ಇಟ್ಟರು. ಹೂಳು ಮುಗಿಸಿ ನೋಡಿದರೆ ಬುಟ್ಟಿ ಮಾತ್ರ ಹಿತ್ತಲ ಬಾಗಿಲತನಕ ನಡೆದುಹೋಗಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ. ಆಮೆಯ ನಡಿಗೆ ನಿಧಾನ ಎನ್ನುವವರು ಒಮ್ಮೆ ಕಳೆದುಹೋದ ಆಮೆಯನ್ನು ಹುಡುಕಿ ನೋಡಬೇಕು.

ಅಂದಿನಿಂದ ಅವ್ವ ನಮ್ಮ ಬಾವಿಯ ನೀರು ಮುಟ್ಟಲಿಲ್ಲ. ದೇವರ ಪೂಜೆಗೂ ತನ್ನ ಕುಡಿಯುವುದಕ್ಕೂ ಪಕ್ಕದ ಮನೆಯ ಬಸಲಿಂಗಪ್ಪನವರ ಬಾವಿಯ ನೀರೇ ಬೇಕೆಂದಳು. ನಮ್ಮ ಮನೆಯವಳಿಗೂ ಬಸಲಿಂಗಪ್ಪನವರ ಮನೆಯವರಿಗೂ ಹಪ್ಪಳ ಒಣಗಿಸುವ ಜಾಗದ ಮೇಲಿಂದ ಮಾತು ನಿಂತಿತ್ತು. ಹೀಗಾಗಿ ಕೊಡ ನನ್ನ ಹೆಗಲಿಗೆ ಬಂತು. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಮಡಿ ಉಟ್ಟು, ಕೊಡ ಹೊತ್ತು ಬೀದಿಯಲ್ಲಿ ನಡೆಯುವಾಗ ಪೇಟೆಯ ಸಾವಕಾರನೆಂಬ ಭಾವನೆ ಮನಸ್ಸಿನಲ್ಲಿ ಉಳಿಯುವುದು ಕಷ್ಟ. ಬಸಲಿಂಗಪ್ಪನವರು ಬಾವಿಕಟ್ಟೆಯ ಮೇಲೆ ಬೇವಿನ ಕಡ್ಡಿ ಜಗಿಯುತ್ತ ಕೂತಿರುತ್ತಿದ್ದರು. ನೀರು ಕೊಡುವುದಿಲ್ಲ ಎನ್ನುವ ಜನ ಅಲ್ಲ ಅವರು. ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು, ಅಷ್ಟೇ: "ಏನ್ರಿ, ಹೂಳ ಭಾಳ ಛಲೋ ತೆಗಸೀರಂತಲ್ಲ?"

ಒಂದು ಆಮೆ ಸಿಗದೆ ಈ ಪ್ರಶ್ನೆ ನಿಲ್ಲುವಂತಿರಲಿಲ್ಲ. ಮುಧೋಳದಲ್ಲಿ ಘಟಪ್ರಭಾ ದಂಡೆಯ ಅಂಬಿಗರ ಭರಮಪ್ಪ ಬಾವಿಗಳಿಗೆ ಆಮೆ ಕೊಡುತ್ತಾನೆಂದು ಗೊತ್ತಾಗಿ ಹೇಳಿ ಕಳಿಸಿದೆ. ಜೊತೆಗೆ ಒಂದು ಒಳ್ಳೆಯ ಧೋತರವನ್ನೂ ಕಳಿಸಿದೆ. ಕೆಲವು ದಿನಗಳಲ್ಲಿ ಮುಧೋಳದಿಂದ ಮಂದಿಯನ್ನು ತರುವ ಮೋಟಾರಿನ ಮೇಲೆ ಒಂದು ಗೋಣಿಚೀಲ ಬಂತು. ಮೋಟಾರಿನ ಸದ್ದು ಕೇಳುತ್ತಲೇ ಅವ್ವ ಆರತಿಯ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ನಾನು ಚೀಲದ ಬಾಯಿ ಬಿಚ್ಚುವುದೇ ತಡ, ಕಂಡಷ್ಟು ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಒಳಗೆ ಕರೆದುಕೊಂಡಳು. ಆಮೇಲೆ ನಾವು ಆಮೆಯನ್ನು ನೋಡಿದೆವು. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು: ಮೊದಲು ಕುಂಕುಮ, ಆಮೇಲೆ ನೋಡಿದ್ದು.

ಅದರ ಕಣ್ಣುಗಳೆರಡೂ ಬಾತು ಮುಚ್ಚಿಹೋಗಿದ್ದವು. ಮುಟ್ಟಿದರೆ ಆಮೆ ತಲೆ ಒಳಗೆಳೆದುಕೊಳ್ಳಬೇಕಲ್ಲ, ಇದು ಎಳೆದುಕೊಳ್ಳಲಿಲ್ಲ, ಕುತ್ತಿಗೆ ಜೋತುಬಿದ್ದಿತ್ತು. ಚೀಲವನ್ನು ಝಾಡಿಸಿದಾಗ ಮನೆಮಂದಿಯೆಲ್ಲ ಸೀನಿದೆವು. ಅದು ಮೆಣಸಿನಕಾಯಿ ತುಂಬಿದ್ದ ಚೀಲ. ಅವ್ವ ಅಲ್ಲೇ ಕೂತು ತಣ್ಣೀರಿನ ಅರಿವೆಯಿಂದ ಅದರ ಕಣ್ಣು ಒರೆಸಿದಳು. ದನಗಳಿಗೆ ನೀರು ಕುಡಿಸುವ ಕಲ್ಲಿನ ಬಾನಿಯಲ್ಲಿ ಬಿಟ್ಟರೆ ಈಜಲಿಲ್ಲ, ಬಿಟ್ಟಲ್ಲೇ ಮುಳುಗಿ ಕೂತಿತು. ಬಾವಿಗೆ ಬಿಡುವ ಮಾತೇ ಇರಲಿಲ್ಲ. ಒಳಗೆ ಹೋಗಿ ಸತ್ತರೆ ಬಾವಿಯನ್ನೆಲ್ಲ ಬರಿದು ಮಾಡಿಸಬೇಕು. ಅದಕ್ಕಿಂತ ಹೆಚ್ಚಾಗಿ, ತಾನು ಕುಂಕುಮ ಹಚ್ಚಿ ಕರೆದುಕೊಂಡ ಜೀವ ತನ್ನ ಮನೆಯಲ್ಲೇ ಸತ್ತಿತೆಂಬುದನ್ನು ಅವ್ವ ತಡೆದುಕೊಳ್ಳುವವಳಲ್ಲ. ಅಂದು ಅವಳು ಊಟಕ್ಕೆ ಏಳಲಿಲ್ಲ.

ಮರುದಿನ ಆಮೆಯನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ಆ ಚೀಲವನ್ನೂ ಸಾಕ್ಷಿಗೆಂದು ಬಗಲಲ್ಲಿ ಹಿಡಿದು ಮುಧೋಳದ ಮೋಟಾರು ಹತ್ತಿದೆ. ಯುದ್ಧದಿಂದಾಗಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದ ಮೋಟಾರು ಅದು. ದಿಬ್ಬ ಬಂದಲ್ಲೆಲ್ಲ ಇಳಿದು ನೂಕಬೇಕು. ನಾನು ಇಳಿಯಲಿಲ್ಲ. ಜಡ್ಡಾದವರನ್ನು ಕರೆದುಕೊಂಡು ಹೊರಟಿದ್ದೇನೆಂದು ಹೇಳಿದೆ. ಯಾರು ಜಡ್ಡಾದವರೆಂದು ಕೇಳಿ ತಿಳಿದ ಮೇಲೆ ಮೋಟಾರಿನಲ್ಲಿದ್ದ ಪ್ರತಿಯೊಬ್ಬರೂ ವೈದ್ಯರಾದರು. ಲೋಕಾಪುರಕ್ಕೆ ಹೊರಟಿದ್ದ ಒಬ್ಬರು ಎಮ್ಮೆಗೆ ಕೊಡುವ ಔಷಧವನ್ನೇ ಸ್ವಲ್ಪ ಕಡಿಮೆ ಮಾಡಿ ಕೊಡಲು ಹೇಳಿದರು. ಇನ್ನೊಬ್ಬರು ಫಿರ್ಯಾದಿ ಮಾಡಿರೆಂದರು. ಅದರ ವಿಚಾರವನ್ನೂ ನಾನು ಮಾಡಿದ್ದೆ. ಆದರೆ ಕೊಂಡವನು ಜಮಖಂಡಿ ಸಂಸ್ಥಾನದವನು, ಕೊಟ್ಟವನು ಮುಧೋಳ ಸಂಸ್ಥಾನದವನು, ಆಮೆಗೆ ಮೆಣಸಿನಕಾಯಿ ಹತ್ತಿದ್ದು ದಾರಿಯಲ್ಲಿ ಎಲ್ಲೋ. ಒಂದು ಆಮೆಯ ಕಣ್ಣಿಗಾಗಿ ಇಬ್ಬರು ಅರಸರ ನಡುವೆ ಮನಸ್ತಾಪ ತರುವುದು ನನಗೆ ಸರಿ ಕಾಣಲಿಲ್ಲ.

ಭರಮಪ್ಪ ಹೊಳೆಯ ದಂಡೆಯಲ್ಲಿ ಬಲೆ ಹರವಿಕೊಂಡು ಕೂತಿದ್ದ. ನಾನು ಕಳಿಸಿದ ಧೋತರವನ್ನೇ ಉಟ್ಟಿದ್ದ. ನನ್ನನ್ನು ಕಂಡವನೇ ಎದ್ದು, ಕಂಬಳಿ ಹಾಸಿ ಕೂಡ್ರಿಸಿ, ತಂಬಿಗೆಯಲ್ಲಿ ನೀರು ತರಿಸಿಕೊಟ್ಟ. ಆಮೇಲೆ ಮನೆಮಂದಿಯ ಸುದ್ದಿ ಕೇಳಿದ. ಮಳೆಯ ಮಾತು ತೆಗೆದಾಗ ನನಗೆ ಅಪಾಯದ ವಾಸನೆ ಬಂತು. ಗಡಿಬಿಡಿಯಿಂದ ಗಂಟು ಬಿಚ್ಚಿ, ನೋಡಪಾ ನೀನು ಮಾರಿದ ಆಮೆ ಹೇಗಿದೆ ಎಂದೆ.

"ಮಾರಾಕ ಇದೇನ ಬದನಿಕಾಯಿ ಏನ್ರಿ ಸಾವಕಾರ್ರ? ಹೊಳಿ ಗಂಗವ್ವನ ಮಗಳನ್ನ ಯಾರರೆ ಮಾರತಾರೇನು? ನಾ ಕೊಟ್ಟೇನಿ. ನೀವ ಪ್ರೀತಿಲೆ ಒಂದ ಧೋತರ ಕೊಟ್ರಿ, ನಾ ಉಟ್ಕೊಂಡೇನಿ."

ವ್ಯಾಪಾರವೇ ಆಗಿಲ್ಲವೆಂದ ಮೇಲೆ ವಾಪಸಿನ ಮಾತೆಲ್ಲಿ? ಮೂರು ತಲೆಮಾರಿನ ನಮ್ಮ ಅಂಗಡಿಯಲ್ಲಿ ಯಾರಿಗೂ ಹೊಳೆಯದ ಉಪಾಯ ಇದು. ನಾನು ಚೀಲವನ್ನು ಮುಂದೆ ಮಾಡಿದೆ. ಅವನು ಅದರೊಳಗೆ ಮುಖ ಇಟ್ಟು ನೋಡಿದ, ಚೆನ್ನಾಗಿ ಸೀನಿದ, ಹೊಳೆಯ ಗಾಳಿಗೆ ತನಗೆ ಶೀತವಾಗಿದೆ ಎಂದ. ಆಮೆ ಇಲ್ಲಿದ್ದಾಗ ಗಟ್ಟಿಮುಟ್ಟಾಗಿಯೇ ಇತ್ತು, ನಿಮ್ಮ ಜಮಖಂಡಿಯ ನೀರೇ ಗಡಸು ಎಂದ. ಆ ಮಾತನ್ನು ನಾನು ಇಷ್ಟು ವರ್ಷ ಒಂದೇ ಬದಿಯಿಂದ ಕೇಳಿದ್ದೆ. ಎದುರಿನಿಂದ ಅದು ಇಷ್ಟು ಖಾರವಾಗಿರುತ್ತದೆಂದು ಗೊತ್ತಿರಲಿಲ್ಲ. ಸಂಸ್ಥಾನದ ಅಭಿಮಾನವೂ ಉಕ್ಕಿ ಬಂದು, ಅದು ನಮ್ಮ ಬಾವಿಗೆ ಇಳಿದೇ ಇಲ್ಲವೆಂದೆ. ಅವನು ತಲೆದೂಗಿದ. ಹಾಗಾದರೆ ನೀರು ಕಾಣದೆಯೇ ಸೊರಗಿದೆ ಎಂದ.

ಹೀಗೆ ಮಾತಾಡುತ್ತಲೇ ಆಮೆಯನ್ನು ಎತ್ತಿ ತಿರುಗಿಸಿ ನೋಡುತ್ತಿದ್ದವನ ಕೈ ನಿಂತಿತು. ಬೆನ್ನಿನ ಮೇಲೆ ಅವ್ವನ ಕುಂಕುಮ ಕಂಡಿತ್ತು. ಬರುವಾಗ ದಾರಿಯಲ್ಲಿ ಅದನ್ನು ಒರೆಸಿಬಿಡೋಣವೆಂದು ತಿಕ್ಕಿದ್ದೆ. ನನ್ನ ಅಂಗಡಿಯ ಯಾವ ಸೀರೆಗೂ ಇಲ್ಲದ ಗುಣ ಆ ಕುಂಕುಮಕ್ಕಿತ್ತು. ಒಂಚೂರೂ ಬಿಟ್ಟಿರಲಿಲ್ಲ.

"ಇದನ್ನ ಯಾರ ಹಚ್ಚ್ಯಾರ್ರಿ?" ಎಂದ.

ನಮ್ಮವ್ವ ಎಂದೆ.

"ಆರತಿ ಮಾಡ್ಯಾರೇನು?"

ಸುಳ್ಳು ಹೇಳಬಹುದಿತ್ತು. ಹೊಳೆಯ ದಂಡೆ, ಅವನ ಕೈಯಲ್ಲಿ ಗಂಗವ್ವನ ಮಗಳು, ನಾಲಿಗೆ ಹೊರಳಲಿಲ್ಲ. ಹೂಂ ಎಂದೆ.

"ಹಂಗಾರ ಮನಿ ತುಂಬಿಸಿಕೊಂಡೀರಿ. ಮನಿ ತುಂಬಿಸಿಕೊಂಡ ಸೊಸೀನ್ನ ಕಣ್ಣ ಬಾತಾವಂತ ಯಾರರೆ ಹೊಳ್ಳಿ ಕಳಸ್ತಾರೇನ್ರಿ? ನೀವ ದೊಡ್ಡ ಮಂದಿ, ನೀವ ಹೇಳ್ರಿ."

ಇದನ್ನು ಇಟ್ಟುಕೊಂಡು ಬೇರೆ ಒಂದನ್ನು ಕೊಡು ಎಂದು ಕೇಳಿದೆ. ಒಂದೇ ಮನೆಗೆ ಇಬ್ಬರನ್ನು ಕೊಟ್ಟು ಸವತಿ ಮಾಡುವ ಮಂದಿ ತಾವಲ್ಲ ಎಂದ. ಅಷ್ಟರಲ್ಲಿ ಆಮೆಯ ಕುತ್ತಿಗೆ ಅವನ ಅಂಗೈ ಮೇಲೆ ಜೋತುಬಿತ್ತು. ಅವನು ಹೊಳೆಗಿಳಿದು, ಮೊಣಕಾಲ ನೀರಿನಲ್ಲಿ ನಿಂತು, ಬೊಗಸೆಯಿಂದ ಅದರ ಕಣ್ಣಿಗೆ ನೀರು ಬಿಡತೊಡಗಿದ. ಅವನ ಮೋರೆಯ ಮೇಲಿದ್ದ ವ್ಯಾಪಾರದ ಕಳೆ ಹೋಗಿತ್ತು. ನನ್ನ ಕಡೆ ನೋಡದೆ, ಬಿಟ್ಟು ಹೋಗ್ರಿ ಎಂದ. ಸೊರಗಿದ ಮಗಳು ತವರಿಗೆ ಬಂದು ಇರುವುದು ರೀತಿಯೇ ಇದೆ, ಆರಾಮಾದ ಮೇಲೆ ಕಳಿಸುತ್ತೇನೆ ಎಂದ. ನಾನು ಗೆದ್ದ ಸಂತೋಷದಿಂದ ಮೋಟಾರು ಹತ್ತಿದೆ. ಅರ್ಧ ದಾರಿಗೆ ಬಂದ ಮೇಲೆ, ಒಳ್ಳೆಯ ಆಮೆ ತರಲು ಹೋದವನು ಕೆಟ್ಟದ್ದನ್ನೂ ಬಿಟ್ಟು ಬರಿಗೈಯಲ್ಲಿ ಹೊರಟಿದ್ದೇನೆಂಬುದು ಹೊಳೆಯಿತು. ಮುಂದಿನ ದಿಬ್ಬದಲ್ಲಿ ನಾನೇ ಎಲ್ಲರಿಗಿಂತ ಮೊದಲು ಇಳಿದು ಮೋಟಾರು ನೂಕಿದೆ.

ಅವ್ವ ಬೈಯುತ್ತಾಳೆಂದು ಅಂಜಿದ್ದೆ. ಅವಳು ಭರಮಪ್ಪನನ್ನೇ ಹೊಗಳಿದಳು. ಅಂದಿನಿಂದ ಅಂಗಡಿಯ ಕೆಲಸಕ್ಕೆ ಮುಧೋಳಕ್ಕೆ ಹೊರಟಾಗಲೆಲ್ಲ ನನ್ನ ಕೈಗೆ ಒಂದು ಚೀಲ ಬರತೊಡಗಿತು. ತವರಿಗೆ ಹೋದ ಸೊಸೆಯನ್ನು ನೋಡಲು ಯಾರು ಬರಿಗೈಯಲ್ಲಿ ಹೋಗುತ್ತಾರೆ? ಎಳೆಯ ಸೌತೆಕಾಯಿ, ಸೊಪ್ಪು, ಒಮ್ಮೊಮ್ಮೆ ಹೋಳಿಗೆ. ಆಮೆ ಹೋಳಿಗೆ ತಿನ್ನುವುದಿಲ್ಲವೆಂದು ನಾನು ಹೇಳಿದರೆ, ಅವರ ಮನೆಯವರು ತಿನ್ನುತ್ತಾರಲ್ಲ ಎನ್ನುತ್ತಿದ್ದಳು. ಈ ಕಡೆ ಕೊಡ ಹೊರುವುದು ನಡೆದೇ ಇತ್ತು. ಬಸಲಿಂಗಪ್ಪನವರು ಪ್ರಶ್ನೆ ಬದಲಿಸಿದ್ದರು. "ಸೊಸಿ ಬಂದಳೇನ್ರಿ?" ಎಂದು ಕೇಳುತ್ತಿದ್ದರು.

ಸೊಸೆ ಕಣ್ಣು ತೆರೆದಳು. ದಂಡೆಯಲ್ಲಿ ಭರಮಪ್ಪ ತೋಡಿದ ಗುಂಡಿಯಲ್ಲಿ ಅತ್ತಿತ್ತ ಈಜುವುದನ್ನು ನಾನೇ ಕಂಡೆ. ಹತ್ತಿರ ಹೋದಾಗ ಚಕ್ಕನೆ ತಲೆ ಒಳಗೆಳೆದುಕೊಂಡಿತು. ಭರಮಪ್ಪ ಹತ್ತಿರ ಹೋದಾಗ ಎಳೆದುಕೊಳ್ಳಲಿಲ್ಲ. ಅವನು ಇದನ್ನು ನೋಡಿ ಸುಮ್ಮನಿರಲಿಲ್ಲ. ನಿಮ್ಮನ್ನು ಕಂಡು ಅಂಜುತ್ತದೆ, ಏನು ನಂಬಿ ಕಳಿಸಲಿ, ಒಮ್ಮೆ ನಿಮ್ಮ ಮನೆ ನೋಡಿಯೇ ಕಳಿಸುತ್ತೇನೆ ಎಂದ. ಬಾರಪಾ ಎಂದೆ.

ಹೀಗೆ ಒಂದು ದಿನ, ನನಗೆ ಕೆಟ್ಟ ಆಮೆ ಕಳಿಸಿದ ಮನುಷ್ಯ ನನ್ನ ಬಾವಿಯ ಪರೀಕ್ಷೆಗೆ ಬಂದು ಪಡಸಾಲೆಯಲ್ಲಿ ಕೂತ. ಅವ್ವ ಬೀಗರಿಗೆ ಮಾಡುವಂತೆ ಅಡಿಗೆ ಮಾಡಿದ್ದಳು. ಉಂಡು, ಎಲೆ ಅಡಿಕೆ ಹಾಕಿಕೊಂಡು ಅವನು ಬಾವಿಯ ಸುತ್ತ ತಿರುಗಿದ. ಒಳಗೆ ಬಿಸಿಲಿಗೆ ಕೂಡಲು ಒಂದು ಕಲ್ಲೂ ಇಲ್ಲವಲ್ಲ ಎಂದ. ಗೌಂಡಿಯನ್ನು ಕರೆಸಿ ಕಲ್ಲು ಕೂಡ್ರಿಸುತ್ತೇನೆಂದು ಒಪ್ಪಿಕೊಂಡೆ. ಕೊಡವನ್ನು ಬಾವಿಯೊಳಗೆ ಧಡ್ಡನೆ ಬಿಡಬಾರದೆಂದ. ಒಪ್ಪಿಕೊಂಡೆ. ಕೊನೆಗೆ ಒಂದು ಕೊಡ ಸೇದಿ, ಬೊಗಸೆ ಒಡ್ಡಿ ನೀರು ಕುಡಿದು, ಕಣ್ಣು ಮುಚ್ಚಿ ನಿಂತ. ಗೋಡೆಯಾಚೆ ಬಸಲಿಂಗಪ್ಪನವರ ಬೇವಿನ ಕಡ್ಡಿಯ ಸದ್ದೂ ನಿಂತಿತು. ಅವ್ವ ಸೆರಗಿನ ಅಂಚು ಹಿಡಿದುಕೊಂಡಿದ್ದಳು. ನನ್ನ ಮಗಳನ್ನು ನೋಡಲು ಬಂದವರೆದುರು ಕೂಡ ನಾನು ಹಾಗೆ ನಿಂತವನಲ್ಲ.

"ಸಿಹಿ ಅದಾವ ನೀರು," ಎಂದ ಭರಮಪ್ಪ.

ಗೌಂಡಿಯ ಕೆಲಸ ಮುಗಿದ ಮೇಲೆ ಹಸಿ ಹುಲ್ಲು ಹಾಸಿದ ಬುಟ್ಟಿಯಲ್ಲಿ ಅವನೇ ಆಮೆಯನ್ನು ತಂದ. ಅವ್ವ ಮತ್ತೊಮ್ಮೆ ಆರತಿ ಎತ್ತಿದಳು. ಬುಟ್ಟಿ ಹಗ್ಗದ ಮೇಲೆ ಕೆಳಗಿಳಿಯಿತು. ಆಮೆ ಅಂಚಿನ ಮೇಲೆ ಕ್ಷಣ ನಿಂತು, ನೀರಿಗೆ ಜಾರಿ, ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಆ ಕಲ್ಲಿನ ಹತ್ತಿರ ತಲೆ ತೆಗೆಯಿತು. ಅವ್ವ ತಾನೇ ಒಂದು ಕೊಡ ಸೇದಿ, ದೇವರಿಗೆಂದು ತೆಗೆದಿಟ್ಟು, ಉಳಿದದ್ದನ್ನು ಅಲ್ಲೇ ಕೂತು ಕುಡಿದಳು. ಹೊರಡುವಾಗ ಭರಮಪ್ಪ ಅವಳ ಕಾಲು ಮುಟ್ಟಿ, "ನಿಮ್ಮ ಮಾರಿ ನೋಡಿ ಬಿಟ್ಟ ಹೊಂಟೇನ್ರಿ ಯವ್ವಾ, ಸಾವಕಾರ್ರ ಮ್ಯಾಲೆ ನನಗ ಅಷ್ಟ ಭರವಸಿ ಇಲ್ಲ," ಎಂದ. ನನಗೂ ಇಲ್ಲಪಾ ಎಂದಳು ಅವ್ವ.

ಈಗಲೂ ಮುಧೋಳಕ್ಕೆ ಹೋದರೆ ಹೊಳೆಯ ಕಡೆ ಹಾಯದೆ ಬರುವಂತಿಲ್ಲ. ಚೆನ್ನಾಗಿ ತಿನ್ನುತ್ತದೆಯೇ, ಬಿಸಿಲಿಗೆ ಬರುತ್ತದೆಯೇ, ಯಾರಾದರೂ ಕಲ್ಲು ಒಗೆಯುತ್ತಾರೆಯೇ ಎಂದು ಭರಮಪ್ಪ ಕೇಳುತ್ತಾನೆ, ನಾನು ನಿಂತುಕೊಂಡು ಉತ್ತರ ಕೊಡುತ್ತೇನೆ. ಮೊನ್ನೆ ಹೋದಾಗ ನನಗೆ ಜ್ವರ ಆಗಷ್ಟೇ ಬಿಟ್ಟಿತ್ತು. ಶಾಲು ಹೊದ್ದು ಕೆಮ್ಮುತ್ತಿದ್ದೆ. ಅವನು ನನ್ನನ್ನು ಮೇಲಿಂದ ಕೆಳಗೆ ಕಾಳಜಿಯಿಂದ ನೋಡಿದ. ಇಷ್ಟು ದಿನದ ಓಡಾಟದಲ್ಲಿ ಒಮ್ಮೆಯಾದರೂ ನನ್ನ ಆರೋಗ್ಯ ವಿಚಾರಿಸುವವನಿದ್ದಾನೆಂದು ನನ್ನ ಮನಸ್ಸು ತುಂಬಿ ಬಂತು. ಹತ್ತಿರ ಬಂದು, ದನಿ ತಗ್ಗಿಸಿ ಹೇಳಿದ:

"ಈ ಕೆಮ್ಮ ತಗೊಂಡು ಬಾವಿ ಕಡೆ ಹೋಗಬ್ಯಾಡ್ರಿ ಸಾವಕಾರ್ರ. ಅದಕ್ಕ ಹತ್ತೀತು."

ಈಗ ಹಿತ್ತಲಿನ ಬಾಗಿಲಲ್ಲೇ ನಿಂತು ಅವ್ವನ ಹತ್ತಿರ ನೀರು ಕೇಳುತ್ತೇನೆ.