ಪರಿಶೀಲನೆಗೆ ಹಾಜರಾಗದ ನೀರುನಾಯಿಯವರಿಗೆ

ಹೇಮಾವತಿ ಹೊಳೆಯ ಖಾಯಂ ನಿವಾಸಿಗಳೂ, ಮೀನು ಹಿಡಿಯುವುದರಲ್ಲಿ ಈ ಸೀಮೆಗೇ ನನ್ನ ನಂತರದ ಸ್ಥಾನದವರೂ ಆದ ಮಾನ್ಯ ನೀರುನಾಯಿಯವರೇ,

ತಾವೂ ತಮ್ಮ ಕುಟುಂಬವರ್ಗವೂ ಕ್ಷೇಮವೆಂದು ನಂಬಿ, ಹೊಳೆದಂಡೆ ಉಳಿಸುವ ಸಮಿತಿಯ ಅಧ್ಯಕ್ಷನಾದ ಗುಂಡಯ್ಯನೆಂಬ ನಾನು, ಏಳನೇ ಕ್ಲಾಸಿನಲ್ಲಿ ಅರ್ಜಿ ಬರೆಯುವುದಕ್ಕೆ ಇಡೀ ಶಾಲೆಗೇ ಮೊದಲಿಗನಾಗಿದ್ದ ಕಾರಣ ಊರವರ ಒತ್ತಾಯದ ಮೇರೆಗೆ ಸಲ್ಲಿಸುವ ದೂರು ಏನೆಂದರೆ, ಕಳೆದ ತಿಂಗಳ ಪರಿಶೀಲನೆಗೆ ತಾವು ಬರಲೇ ಇಲ್ಲ.

ನಮ್ಮ ಮರಳ ದಂಡೆಗೆ ನಾಲ್ಕು ವರ್ಷದ ಕೆಳಗೆ ಪ್ರವಾಸೋದ್ಯಮ ಇಲಾಖೆಯವರು ಸಿಮೆಂಟು ಬಳಿದು, ಫೈಬರ್ ಕೊಡೆ ನೆಟ್ಟು, ‘ಬೀಚ್’ ಎಂದು ಬೋರ್ಡು ಹಾಕಿದ್ದು ತಾವು ಬಲ್ಲಿರಿ. ಜಾರಿ ಬಿದ್ದ ಎಮ್ಮೆಗಳು ಹೊಳೆಗಿಳಿಯುವುದನ್ನೇ ಬಿಟ್ಟವು. ಬಟ್ಟೆ ಒಗೆಯಲು ಹೋದ ಹೆಂಗಸರನ್ನು ವಾಚ್‌ಮನ್ ಟಿಕೆಟ್ ಕೇಳಿದ. ಆಗ ಊರೆಲ್ಲ ಸೇರಿ ಆರು ತಿಂಗಳು ಭಾನುವಾರ ಭಾನುವಾರ ಹಾರೆ ಹಿಡಿದು ಸಿಮೆಂಟು ಕಿತ್ತು ದಂಡೆಯನ್ನು ಮೊದಲಿನಂತೆ ಮಾಡಿದೆವು. ಅರ್ಧ ನಾನೊಬ್ಬನೇ ಕಿತ್ತೆ. ಉಳಿದರ್ಧಕ್ಕೆ ಎಲ್ಲಿ ಹೊಡೆಯಬೇಕೆಂದು ತೋರಿಸಿದೆ.

ಆದರೆ ಆ ಇಲಾಖೆಯ ಮೇಲಿನ ಸಾಹೇಬರು, ದಂಡೆ ಸಹಜವಾಗಿದೆ ಅನ್ನುವುದಕ್ಕೆ ಪುರಾವೆ ಕೊಡಿ, ಇಲ್ಲವಾದರೆ ಮತ್ತೆ ಸಿಮೆಂಟು ಎಂದರು. ಹಾಸನದಲ್ಲಿ ಬಿಎಸ್ಸಿ ಓದುವ ನನ್ನ ತಂಗಿಯ ಮಗಳು ಕೃತಿಕಾ, ನೀರುನಾಯಿ ಬಂದು ಮರಳ ಮೇಲೆ ಹಿಕ್ಕೆ ಹಾಕಿದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ ಎಂದಳು. ಸಾಹೇಬರೂ ಒಪ್ಪಿದರು. ಅಂದಿನಿಂದ ಇಡೀ ಊರು ತಮ್ಮ ಹೊಟ್ಟೆಯನ್ನೇ ನಂಬಿ ಕೂತಿದೆ.

ತಾವು ಬರದಿದ್ದಾಗ ತಮ್ಮ ಮಾನ ಉಳಿಸಲೆಂದೇ ನಾನು ಮೀನಿನ ಮುಳ್ಳು, ಏಡಿ ಚಿಪ್ಪು ಕುಟ್ಟಿ, ರಾಗಿ ಹಿಟ್ಟಿನಲ್ಲಿ ಕಲಸಿ, ತಾವೇ ನಾಚುವಷ್ಟು ಚೆಂದದ ಹಿಕ್ಕೆ ಮಾಡಿ ಇಟ್ಟೆ. ಸಾಹೇಬರು ಅದನ್ನು ಪರೀಕ್ಷೆಗೆ ಕಳಿಸಿದರು. ಅರಿಶಿನ, ಹುಣಸೆಹುಳಿ ಇವೆ, ಉಪ್ಪು ಹದವಾಗಿದೆ ಎಂದು ವರದಿ ಬಂತು. ‘ಸಾರಿನ ಮುಳ್ಳು ತೊಳೀದೆ ಹಾಕುದ್ರಾ? ಅದೂ ನೆಟ್ಟಗ್ ಮಾಡಾಕ್ ಬರಾಕಿಲ್ವಲ್ಲ ನಿಮ್ಗೆ’ ಎಂದು ನನ್ನ ಹೆಂಡತಿ ಭೂತಮ್ಮ ಊರಿಗೆಲ್ಲ ಕೇಳುವಂತೆ ಅಂದಳು.

ಇದನ್ನಾದರೂ ನುಂಗಿಕೊಳ್ಳಬಹುದಿತ್ತು. ಆದರೆ ಪರಿಶೀಲನೆಯ ದಿನವೇ ತಾವು ಸಂಸಾರ ಸಮೇತ ಎದುರು ದಡದ ರಿಸಾರ್ಟಿಗೆ ಹೋಗಿ, ಅವರ ಸಿಮೆಂಟು ಕಟ್ಟೆಯ ಮೇಲೆ, ಬಿಸಿಲು ಕಾಯುವ ಕುರ್ಚಿಯ ಪಕ್ಕದಲ್ಲೇ, ಧಾರಾಳವಾಗಿ ಕಾರ್ಯ ಮುಗಿಸಿ ಬಂದಿರಿ. ಸಾಹೇಬರು ಅದರ ಫೋಟೊ ಹಿಡಿದು, ನೀರುನಾಯಿಗೆ ಸಿಮೆಂಟೇ ಸಹಜ ಎಂದು ಬರೆದುಕೊಂಡರು. ಬಡವರ ಮರಳು, ಸಾಹುಕಾರರ ಕಟ್ಟೆ ಎಂಬ ಭೇದವೆಣಿಸದ ತಮ್ಮ ವಿಶಾಲ ಮನಸ್ಸಿಗೆ ಕೈ ಮುಗಿಯುತ್ತೇನೆ.

ಬರುವ ಹದಿನಾಲ್ಕರಂದು ಹನ್ನೊಂದು ಗಂಟೆಗೆ ಕೊನೆಯ ಪರಿಶೀಲನೆ. ದಯಮಾಡಿ ತಾವು ಹತ್ತೂವರೆಗೇ ಆಗಮಿಸಿ, ಅತ್ತಿಮರದ ಬುಡದ ಮರಳ ಮೇಲೆ, ಸಾಧ್ಯವಾದರೆ ಪೂರ್ವಕ್ಕೆ ಮುಖ ಮಾಡಿ, ಉಪಕರಿಸಬೇಕು. ಆ ವಾರ ಊರಲ್ಲಿ ಯಾರೂ ಗಾಳ ಹಾಕುವುದಿಲ್ಲ, ನಾನೂ ಸಹ. ಸಾಹೇಬರ ಜೀಪು ಬಂದಾಗ ಸಾಲಾಗಿ ನಿಂತು ಮೀಸೆ ಅಲ್ಲಾಡಿಸಿದರೆ ಇನ್ನೂ ಉತ್ತಮ. ‘ಮಾವ, ನೀವು ದಂಡೆ ಕಡೆ ತಲೆ ಹಾಕ್ದಿದ್ರೆ ಅವು ತಾವಾಗೇ ಬತ್ತವೆ ಕಣ್ರಿ’ ಎಂದು ಕೃತಿಕಾ ಹೇಳುತ್ತಾಳೆ. ಅಧ್ಯಕ್ಷನಿಲ್ಲದ ಸಭೆಗೆ ತಾವು ಹೇಗೆ ಬಂದೀರಿ ಎಂದು ನಾನು ಒಪ್ಪಿಲ್ಲ. ಆದರೂ ಎಮ್ಮೆಗಳು ಈಗಷ್ಟೇ ಮತ್ತೆ ಹೆದರದೆ ನೀರಿಗಿಳಿಯುತ್ತಿವೆ. ಅವುಗಳ ಮುಖ ನೋಡಿ ಆ ದಿನ ಮನೆಯಲ್ಲೇ ಇರುತ್ತೇನೆ.

ತಮ್ಮ ಜೀರ್ಣಶಕ್ತಿಗೆ ಸದಾ ಶುಭ ಕೋರುವ,
ತಮ್ಮ ವಿಶ್ವಾಸಿ,
ಗುಂಡಯ್ಯ, ಅಧ್ಯಕ್ಷರು

ವಿ.ಸೂ.: ಹದಿನಾಲ್ಕರಂದು ರಿಸಾರ್ಟಿನಲ್ಲಿ ತಮಗೆ ಬೇರೆ ಕಾರ್ಯಕ್ರಮವಿದ್ದರೆ, ಹಿಂದಿನ ದಿನವೇ ಬಂದು ರಜೆ ಅರ್ಜಿಯನ್ನಾದರೂ ಮರಳ ಮೇಲೆ ಹಾಕಿ ಹೋಗುವುದು. ಕಾಗದದಲ್ಲಿ ಬೇಡ.